ನೂರ್ ಜಹಾನ್ ಬರೀ ಚೆಲುವೆಯಲ್ಲ

ನಿನ್ನೆ ರಾತ್ರಿ ಆಗ್ರಾದಿಂದ ಬಂದೆ. ಬ್ಯಾಗ್ ಇನ್ನೂ ಬಿಚ್ಚಿಲ್ಲ. ಇದನ್ನು ಬರೆಯದೆ ಸಮಾಧಾನವಾಗುತ್ತಿಲ್ಲ.

ಯಮುನೆಯ ಆಚೆ ದಡದಲ್ಲಿ ಇತ್ಮಾದ್-ಉದ್-ದೌಲಾ ಸಮಾಧಿ ಇದೆ. ಮೊಘಲ್ ಬಾದಶಹ ಜಹಾಂಗೀರನ ಹೆಂಡತಿ ನೂರ್ ಜಹಾನಳ ಅಪ್ಪ ಈತ. ನಮ್ಮ ಗೈಡ್ ಅಲ್ಲಿ ಹೇಳಿದ್ದು ಎರಡೇ ಮಾತು. ‘ಇದು ಬೇಬಿ ತಾಜ್. ನೂರ್ ಜಹಾನ್ ತುಂಬಾ ಸುಂದರಿ, ಜಹಾಂಗೀರ್ ನೋಡಿದ ಕೂಡಲೇ ಮರುಳಾದ.’ ಅಷ್ಟೇ. ಆಮೇಲೆ ಫೋಟೋಗೆ ಹತ್ತು ನಿಮಿಷ. ನನಗೆ ಮೈಯೆಲ್ಲಾ ಉರಿಯಿತು.

ಬೇಬಿ ಅಂತೆ! ಇದರ ಕೆಲಸ 1628ಕ್ಕೆ ಮುಗಿದಿತ್ತು. ಮುಮ್ತಾಜ್ ತೀರಿಕೊಂಡಿದ್ದೇ 1631ರಲ್ಲಿ. ಮೊದಲು ಹುಟ್ಟಿದ್ದು ಮರಿ ಹೇಗಾಗುತ್ತದೆ? ಗೋಡೆಯ ಹತ್ತಿರ ಹೋಗಿ ನಿಂತೆ. ಬಿಳಿ ಅಮೃತಶಿಲೆಯನ್ನು ಕೊರೆದು ಬಣ್ಣದ ಕಲ್ಲು ಕೂರಿಸಿದ್ದಾರೆ. ಸಪೂರ ಕತ್ತಿನ ಹೂಜಿ, ಹೂದಾನಿ, ನೆಟ್ಟಗೆ ನಿಂತ ಸೈಪ್ರೆಸ್ ಮರ. ಅಪ್ಪ ಅಮ್ಮನಿಗಾಗಿ ಇದನ್ನೆಲ್ಲ ಮಾಡಿಸಿದವಳು ಆ ‘ಸುಂದರಿ’ಯೇ.

1611ರಲ್ಲಿ ಜಹಾಂಗೀರನನ್ನು ಮದುವೆಯಾದಾಗ ಆಕೆಗೆ 34 ವರ್ಷ. ಮೊದಲ ಗಂಡ ಸತ್ತಿದ್ದ, ಕೈಯಲ್ಲೊಬ್ಬಳು ಮಗಳಿದ್ದಳು. ಮುಂದೆ ಆಕೆಯ ಹೆಸರಲ್ಲಿ ಫರ್ಮಾನು ಹೊರಟವು, ನಾಣ್ಯ ಟಂಕಿಸಿದರು. ಪಂಜಾಬಿನಲ್ಲಿ ದಾರಿಹೋಕರಿಗೆಂದು ಛತ್ರ ಕಟ್ಟಿಸಿದಳು. 1617ರಲ್ಲಿ ಆನೆಯ ಮೇಲೆ ಕೂತು ಆರೇ ಗುಂಡಿಗೆ ನಾಲ್ಕು ಹುಲಿ ಹೊಡೆದಳು. ಇದನ್ನು ಬರೆದಿಟ್ಟವನು ಸ್ವತಃ ಜಹಾಂಗೀರ್.

ನನ್ನನ್ನು ಬಿಡದೆ ಕಾಡುವುದು 1626ರ ಘಟನೆ. ಝೇಲಂ ನದಿಯ ದಡದಲ್ಲಿ ಸೇನಾಪತಿ ಮಹಾಬತ್ ಖಾನ್ ಬಾದಶಹನನ್ನೇ ಸೆರೆ ಹಿಡಿದ. ಈಕೆ ಆಚೆ ದಡಕ್ಕೆ ಪಾರಾಗಿದ್ದಳು. ಅಲ್ಲೇ ಉಳಿಯಬಹುದಿತ್ತು, ಅಲ್ವಾ? ಸರದಾರರನ್ನು ಬೈದು ಒಟ್ಟು ಮಾಡಿದಳು. ಆನೆ ಏರಿ, ಪುಟ್ಟ ಮೊಮ್ಮಗಳನ್ನೂ ಅಂಬಾರಿಯಲ್ಲಿ ಕೂರಿಸಿಕೊಂಡು, ಬಾಣಗಳ ನಡುವೆ ನದಿಗಿಳಿದಳು. ಅವತ್ತು ಗೆಲ್ಲಲಿಲ್ಲ. ತಾನೂ ಹೋಗಿ ಗಂಡನ ಜೊತೆ ಸೆರೆಯಾದಳು. ಕೆಲವೇ ತಿಂಗಳಲ್ಲಿ ಉಪಾಯ ಮಾಡಿ ಅವನನ್ನು ಬಿಡಿಸಿಕೊಂಡಳು. ಗೈಡ್‌ಗೆ ಇದು ಹೇಳುವ ಕಥೆ ಅನ್ನಿಸಲೇ ಇಲ್ಲ.

‘ಅವಳಿಗೆ ಅಧಿಕಾರದ ಆಸೆ ಜಾಸ್ತಿ, ಅಳಿಯನನ್ನು ಗದ್ದುಗೆಗೆ ತರಲು ಒದ್ದಾಡಿದಳು’ ಅಂತ ಬಸ್ಸಿನಲ್ಲಿ ಒಬ್ಬರು ಹೇಳಿದರು. ಒದ್ದಾಡಿದ್ದು ನಿಜ. ಆದರೆ ಷಹಜಹಾನ್ ಅಪ್ಪ ಜಹಾಂಗೀರನ ಮೇಲೇ ದಂಗೆ ಎದ್ದವನು. ಪಟ್ಟಕ್ಕೆ ಬರುವಾಗ ಅದೇ ಅಳಿಯ ಶಹರಿಯಾರನನ್ನು, ಅಂದರೆ ತನ್ನ ಮಲತಮ್ಮನನ್ನು ಕೊಲ್ಲಿಸಿದ. ಅವನನ್ನು ಮಾತ್ರ ಇವತ್ತಿಗೂ ಪ್ರೇಮಿ ಅಂತೀವಿ. ಆಸೆಯ ಲೆಕ್ಕ ಹೆಂಗಸಿಗೆ ಮಾತ್ರ ಯಾಕೆ?

ಒಂದು ಒಪ್ಪಿಕೊಳ್ಳಬೇಕು. ಇಷ್ಟು ವರ್ಷ ಇತಿಹಾಸದ ಪಾಠ ಮಾಡಿದೆನಲ್ಲ, ನಾನೂ ಮಕ್ಕಳಿಗೆ ಬರೆಸಿದ್ದು ‘ನೂರ್ ಜಹಾನ್, ಜಹಾಂಗೀರನ ಸುಂದರ ಪತ್ನಿ’ ಅಂತಲೇ. ಗೋಡೆಯ ಮುಂದೆ ನಿಂತಾಗ ಅದು ನೆನಪಾಗಿ ಗಂಟಲು ಕಟ್ಟಿತು.

ನಡುವಿನ ಕೋಣೆಯಲ್ಲಿ ಎರಡು ಗೋರಿಗಳಿವೆ. ಸಮಾಧಿಗೆ ಹೆಸರು ಅಪ್ಪನದು. ಕೋಣೆಯ ನಟ್ಟನಡುವೆ ಇರುವುದು ಮಾತ್ರ ಅಮ್ಮ ಅಸ್ಮತ್ ಬೇಗಂಳ ಗೋರಿ. ಗುಲಾಬಿ ಅತ್ತರನ್ನು ಕಂಡುಹಿಡಿದವಳು ಈಕೆಯೇ ಅಂತ ಜಹಾಂಗೀರ್ ಬರೆದಿದ್ದಾನೆ. ಅಪ್ಪನ ಗೋರಿ ಪಕ್ಕಕ್ಕಿದೆ. ಹೊರಗೆ ಗೈಡ್ ಕೂಗುತ್ತಿದ್ದ. ನಾನು ಇನ್ನೊಂದು ಸುತ್ತು ಹಾಕಿಯೇ ಹೊರಗೆ ಬಂದೆ.