ಮಗುವಿನ ಅಂಗಿ ಎತ್ತಿ ಒಂದು ನಿಮಿಷ ನೋಡಿ

ಹೋದ ನವೆಂಬರ್. ಬೆಂಗಳೂರಿನ ಆ ಮೋಡ, ಚಳಿ, ಮನೆಮಂದಿಗೆಲ್ಲ ನೆಗಡಿ. ನನ್ನ ಎಂಟು ತಿಂಗಳ ಮಗಳಿಗೆ ಮೂರು ದಿನದಿಂದ ಕೆಮ್ಮು. ಮೈ ಅಷ್ಟೇನೂ ಬಿಸಿ ಇರಲಿಲ್ಲ. ಜ್ವರ ಇಲ್ವಲ್ಲ, ಬರೀ ಕಫ ಅಂತ ಧೈರ್ಯವಾಗಿದ್ದೆ. ರಾತ್ರಿ ಬಟ್ಟೆ ಬದಲಿಸುತ್ತಿದ್ದ ಅಮ್ಮ ಕೂಗಿದರು, "ಇಲ್ಲಿ ನೋಡೇ, ಪಕ್ಕೆ ಹೇಗೆ ಒಳಕ್ಕೆ ಹೋಗ್ತಿದೆ!" ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಎಣಿಸಿದೆವು. ನಿಮಿಷಕ್ಕೆ 62. ಎರಡು ಗುಟುಕು ಹಾಲು ಕುಡಿದು ಬಾಯಿ ಬಿಡುತ್ತಿದ್ದಳು.

ಆಸ್ಪತ್ರೆಯಲ್ಲಿ ಮೂರು ದಿನ ಆಕ್ಸಿಜನ್ ಮೇಲಿದ್ದಳು. ಬ್ರಾಂಕಿಯೋಲೈಟಿಸ್ ಅಂದರು. ಶ್ವಾಸಕೋಶದ ಸಣ್ಣ ಕೊಳವೆಗಳು ಊದಿಕೊಂಡು ಕಫ ಕಟ್ಟುವ ಕಾಯಿಲೆ. ಹೆಚ್ಚಾಗಿ ಆರ್‌ಎಸ್‌ವಿ ಎಂಬ ವೈರಸ್‌ನಿಂದ ಬರುತ್ತದೆ. ವೈರಸ್‌ಗೆ ಆಂಟಿಬಯೋಟಿಕ್ ನಾಟುವುದಿಲ್ಲ. ನಾನೋ, ಅಣ್ಣನ ಮಗನಿಗೆ ಬರೆದುಕೊಟ್ಟಿದ್ದ ಆಂಟಿಬಯೋಟಿಕ್ಕನ್ನೇ ಎರಡು ದಿನ ಕುಡಿಸಿದ್ದೆ. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಬ್ಯಾಕ್ಟೀರಿಯಾದ ನ್ಯುಮೋನಿಯಾಗೆ ಆಂಟಿಬಯೋಟಿಕ್ ಬೇಕೇ ಬೇಕು. ಆದರೆ ಯಾವುದು, ಎಷ್ಟು ದಿನ ಅನ್ನುವುದನ್ನು ಡಾಕ್ಟರೇ ಹೇಳಬೇಕು.

ಕೆಮ್ಮಿನ ಸದ್ದು ಕೇಳಿ ಅಳೆಯಬೇಡಿ. ಉಸಿರು ಎಣಿಸಿ. ಮಗು ಅಳದೆ ಸುಮ್ನೆ ಇದ್ದಾಗ, ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40. ಅಷ್ಟು ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ತುಟಿ ನೀಲಿಯಾದರೆ, ಹಾಲು ಕುಡಿಯದಿದ್ದರೆ, ಕುಡಿದದ್ದೆಲ್ಲ ವಾಂತಿಯಾದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಎರಡು ತಿಂಗಳೊಳಗಿನ ಕೂಸಾದರೆ ಜ್ವರ ಬಂದರೂ ಸಾಕು, ಹೊರಡಿ.

ಮಾಮೂಲಿ ನೆಗಡಿಯಾದರೆ ಮನೆಯಲ್ಲೇ ನೋಡಿಕೊಳ್ಳಬಹುದು. ಮೂಗಿಗೆ ಸಲೈನ್ ಹನಿ, ಸ್ವಲ್ಪ ಸ್ವಲ್ಪವೇ ಪದೇ ಪದೇ ಹಾಲು. ವರ್ಷ ತುಂಬಿದ ಮಕ್ಕಳಿಗೆ ಜೇನುತುಪ್ಪ ನೆಕ್ಕಿಸಬಹುದು, ಅದಕ್ಕೂ ಮುಂಚೆ ಬೇಡವೇ ಬೇಡ. ಅಂಗಡಿಯಿಂದ ತಂದ ಕೆಮ್ಮಿನ ಸಿರಪ್ ಪುಟ್ಟ ಮಕ್ಕಳಿಗೆ ಹಾಕಬೇಡಿ.

ಇನ್ನೊಂದು ಮಾತು, ಹಿರಿಯರು ಬೇಜಾರು ಮಾಡಿಕೊಳ್ಳಬಾರದು. ಸ್ನಾನವಾದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಹಾಕುತ್ತೇವಲ್ಲ, ಅದು ಆ ಪುಟ್ಟ ಶ್ವಾಸಕೋಶಕ್ಕೆ ಹೊಗೆಯೇ. ಅಮ್ಮನಿಗೆ ಇದನ್ನು ಒಪ್ಪಿಸಲು ನನಗೆ ಒಂದು ವಾರ ಬೇಕಾಯಿತು. ಬಾಲ್ಕನಿಯಲ್ಲಿ ಸೇದುವ ಸಿಗರೇಟಿನ ಹೊಗೆಯೂ ಒಳಗೆ ಬರುತ್ತದೆ, ಅಲ್ವಾ?

ಮನೆಯಲ್ಲಿ ಕೂಸಿದ್ದರೆ ಈಗಲೇ ತಾಯಿ ಕಾರ್ಡ್ ತೆಗೆದು ಪಿಸಿವಿ ಲಸಿಕೆ ಹಾಕಿಸಿದೆಯಾ ನೋಡಿ. ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ನ್ಯುಮೋನಿಯಾ ತಡೆಯುವ ಲಸಿಕೆ ಅದು. ಒಂದೂವರೆ ತಿಂಗಳು, ಮೂರೂವರೆ ತಿಂಗಳು, ಒಂಬತ್ತು ತಿಂಗಳಿಗೆ ಒಂದೊಂದು ಡೋಸ್. 2021ರಿಂದ ದೇಶದೆಲ್ಲೆಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲೇ ಇದೆ. ನಿಮ್ಮ ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ದುಡ್ಡಿಲ್ಲದೆ ಹಾಕುತ್ತಾರೆ.