ಮಂತ್ರ ಮುಗಿದ ಮೇಲೆ ಉಳಿದ ಕಥೆ

ದ್ವೀಪಗಳ ಲೋಕದ ಮಾಂತ್ರಿಕರ ಕಥೆ ಹೇಳುವ ಅರ್ತ್‌ಸೀ ಕಾದಂಬರಿ ಸರಣಿಯ ನಾಲ್ಕನೇ ಪುಸ್ತಕ ‘ಟೆಹಾನು’ವನ್ನು ನಿನ್ನೆ ರಾತ್ರಿ ಎರಡನೇ ಸಲ ಓದಿ ಮುಗಿಸಿದೆ. ಮೊದಲ ಸಲ ಓದಿದಾಗ ನನಗೆ ಈ ಪುಸ್ತಕದ ಮೇಲೆ ಸಿಟ್ಟು ಬಂದಿತ್ತು. ಸುಮಾರು ಜನ ಈಗಲೂ ಅದೇ ಸಿಟ್ಟಿನಲ್ಲಿ ಮಾತಾಡುವುದನ್ನು ಕೇಳುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಥೆ ಮೊದಲೇ ತಿಳಿಯುವುದು ಬೇಡ ಅನ್ನುವವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ.

ಉರ್ಸುಲಾ ಲೆ ಗ್ವಿನ್ ಈ ಸರಣಿ ಶುರು ಮಾಡಿದ್ದು 1968ರಲ್ಲಿ. ಮೂರನೆಯದು 1972ರಲ್ಲಿ ಬಂತು. ನಾಲ್ಕನೆಯದು ಬಂದಿದ್ದು 1990ಕ್ಕೆ. ನಡುವೆ 18 ವರ್ಷ. ಕಥೆ ಮಾತ್ರ ಮೂರನೆಯದು ಮುಗಿದಲ್ಲೇ ಬಂದು ಕೂಡಿಕೊಳ್ಳುತ್ತದೆ. ಸಾವಿನ ನಾಡಿಗೆ ಹೋಗಿ ತನ್ನ ಮಂತ್ರಶಕ್ತಿಯನ್ನೆಲ್ಲ ಅಲ್ಲೇ ಕಳೆದುಕೊಂಡ ಸರಣಿಯ ನಾಯಕ ಗೆಡ್, ಡ್ರ್ಯಾಗನ್ ಬೆನ್ನ ಮೇಲೆ ವಾಪಸ್ ಬರುತ್ತಾನೆ. ಬಂದವನು ಮಾಡುವುದೇನು? ಹೊಸ ರಾಜನ ಕಡೆಯವರು ಕರೆಯಲು ಬಂದರೆ ಅವರ ಕಣ್ಣಿಗೆ ಬೀಳದೆ ತಪ್ಪಿಸಿಕೊಳ್ಳುತ್ತಾನೆ. ಬೆಟ್ಟ ಹತ್ತಿ ಆಡು ಕಾಯುತ್ತಾನೆ. ನಾನು ಮೂರು ಪುಸ್ತಕದುದ್ದಕ್ಕೂ ಹಿಂದೆ ಹಿಂದೆ ಹೋದ ಮಹಾಮಾಂತ್ರಿಕ ಇವನೇನಾ ಅನಿಸಿತ್ತು.

ಈ ಸಲ ನನ್ನ ಕಣ್ಣು ಗೆಡ್‌ನನ್ನು ಬಿಟ್ಟು ಟೆನಾರ್ ಮೇಲೆ ನಿಂತಿತು. ಎರಡನೇ ಪುಸ್ತಕದಲ್ಲಿ ಕತ್ತಲ ಗೋರಿಗಳನ್ನು ಕಾಯುತ್ತಿದ್ದ ಹುಡುಗಿ ಅವಳು. ಈಗ ನಡುವಯಸ್ಸು, ರೈತನೊಬ್ಬನ ವಿಧವೆ. ಜೊತೆಗೆ ಥೆರು ಎಂಬ ಮಗು. ಅದನ್ನು ಹೊಡೆದು ಬೆಂಕಿಗೆ ತಳ್ಳಿದವರು ಅದರ ಕಡೆಯವರೇ. ಮುಖದ ಒಂದು ಪಕ್ಕ ಸುಟ್ಟು ಹೋಗಿದೆ. ಜನ ನೋಡಲಾರದೆ ಕಣ್ಣು ತಿರುಗಿಸುತ್ತಾರೆ.

ಒಂದು ರಾತ್ರಿ ಮನೆಯಲ್ಲಿ ಅವಳು ಮತ್ತು ಮಗು ಇಬ್ಬರೇ. ಹೊರಗೆ ಗಂಡಸರ ಓಡಾಟ. ಅವಳ ಕೈಯಲ್ಲಿ ಇರುವುದು ಒಂದು ಚಾಕು ಅಷ್ಟೇ. ಆ ಪುಟಗಳನ್ನು ನಾನು ಉಸಿರು ಬಿಗಿಹಿಡಿದು ಓದಿದೆ. ಹಿಂದಿನ ಪುಸ್ತಕಗಳಲ್ಲಿ ನಾನು ಹೆದರಿದ್ದು ನೆರಳಿಗೆ, ಸಾವಿಗೆ. ಬಾಗಿಲ ಚಿಲಕ ಹಾಕಿದೆನೋ ಇಲ್ಲವೋ ಎಂಬ ಹೆದರಿಕೆಯೂ ಆ ದ್ವೀಪಗಳಲ್ಲಿ ಇರಬಹುದು ಅಂತ ನನಗೆ ಒಮ್ಮೆಯೂ ಹೊಳೆದಿರಲಿಲ್ಲ. ಅಲ್ಲಿನ ಅರ್ಧ ಜನ ದಿನಾ ಅದರಲ್ಲೇ ಬದುಕಿದ್ದರು, ಅಲ್ವಾ? ಮಂತ್ರದಂಡ ಇದ್ದವನ ಬೆನ್ನ ಹಿಂದೆ ನಡೆಯುವಾಗ ಅದು ಕಾಣಿಸಲೇ ಇಲ್ಲ. ಆ ರಾತ್ರಿ ಅಲ್ಲಿಗೆ ಗೆಡ್ ಬರುತ್ತಾನೆ, ಹುಲ್ಲೆತ್ತುವ ಕವೆಗೋಲು ಹಿಡಿದು. ಈಗ ಅವನಿಗೂ ಅವಳಷ್ಟೇ ಬಲ, ಅವಳಷ್ಟೇ ಭಯ. ಅವನ ಶಕ್ತಿ ಹೋಗದಿದ್ದರೆ ಅವರಿಬ್ಬರೂ ಹೀಗೆ ಎದುರುಬದುರು ನಿಲ್ಲಲು ಸಾಧ್ಯವೇ ಇರಲಿಲ್ಲ.

ಇದರಲ್ಲಿ ಏನೂ ನಡೆಯುವುದಿಲ್ಲ ಅನ್ನುವವರ ಜೊತೆ ನಾನು ಜಗಳಕ್ಕೇ ನಿಲ್ಲುತ್ತೇನೆ. ಟೆನಾರ್ ಮಗ ಸಮುದ್ರದಿಂದ ವಾಪಸ್ ಬಂದು, ಪಾತ್ರೆ ತೊಳೆಯುವುದು ಹೆಂಗಸರ ಕೆಲಸ ಅನ್ನುತ್ತಾನೆ. ಈ ಅಡುಗೆಮನೆಯಲ್ಲಿ ಉಣ್ಣುವ ಎಲ್ಲರ ಕೆಲಸ ಅಂತ ಅವಳು ಉತ್ತರ ಕೊಡುತ್ತಾಳೆ. ನನಗೆ ಅದು ಯಾವ ಯುದ್ಧಕ್ಕೂ ಕಡಿಮೆ ಅನಿಸಲಿಲ್ಲ.

ಕೊನೆಯ ಬಗ್ಗೆ ಮಾತ್ರ ನನ್ನ ತಕರಾರು ಹಾಗೇ ಇದೆ. ಕೆಟ್ಟ ಮಾಂತ್ರಿಕ ಆಸ್ಪೆನ್ ಬರೀ ದ್ವೇಷದ ಗೊಂಬೆ. ಇಡೀ ಪುಸ್ತಕ ಅಷ್ಟು ತಾಳ್ಮೆಯಿಂದ ನಡೆದು, ಕೊನೆಗೆ ಡ್ರ್ಯಾಗನ್ ಬಂದು ಕೆಲವೇ ಪುಟಗಳಲ್ಲಿ ಎಲ್ಲ ಮುಗಿಸಿಬಿಡುತ್ತದೆ. ಅವಸರ ಜಾಸ್ತಿ ಆಯಿತು.

ಆದರೆ ಆ ಡ್ರ್ಯಾಗನ್ನನ್ನು ಕರೆದದ್ದು ಯಾರು? ಯಾರೂ ಮುಖ ನೋಡಲಾರದ ಆ ಮಗು. ಅವಳ ನಿಜವಾದ ಹೆಸರು ಗೊತ್ತಾಗುವುದು ಆಗಲೇ. ಅದು ಮೊದಲಿನಿಂದಲೂ ಪುಸ್ತಕದ ಹೊದಿಕೆಯ ಮೇಲೇ ಇತ್ತು. ಮೊದಲ ಸಲ ಓದುವಾಗ ಅದು ಯಾರ ಹೆಸರು ಅಂತ ನಾನು ಕೇಳಿಕೊಂಡೇ ಇರಲಿಲ್ಲ.