ಸತ್ಯಾಂಶ: ಮುದ್ರಿತ ಹಾಳೆಯಲ್ಲಿ ಮಾಲೀಕರ ವಿಳಾಸ ಅಡಗಿರುತ್ತದೆಯೇ?

ಯಾವ ಪ್ರಿಂಟರ್‌ನ ಹಾಳೆಯಲ್ಲಾದರೂ ಮಾಲೀಕರ ವಿಳಾಸ ಗುಪ್ತವಾಗಿರುತ್ತದೆ ಎಂದು ಬೆಳಗಾವಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಸಂದೇಶ ಅರ್ಧಸತ್ಯ. ಹಲವು ಕಲರ್ ಲೇಸರ್ ಪ್ರಿಂಟರ್‌ಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳನ್ನು ಮುದ್ರಿಸುವುದು ನಿಜ. ನೀಲಿ ಬೆಳಕಿನಲ್ಲಿ ಭೂತಗನ್ನಡಿ ಹಿಡಿದರೆ ಅವು ಗೋಚರಿಸುತ್ತವೆ. 2005ರಲ್ಲಿ ಅಮೆರಿಕದ ಡಿಜಿಟಲ್ ಹಕ್ಕುಗಳ ಸಂಸ್ಥೆ ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ ಝೆರಾಕ್ಸ್ ಕಂಪನಿಯ ಒಂದು ಮಾದರಿಯ ಚುಕ್ಕೆಗಳನ್ನು ಬಿಡಿಸಿ ಓದಿದಾಗ ದೊರೆತದ್ದು ಯಂತ್ರದ ಕ್ರಮಸಂಖ್ಯೆ, ದಿನಾಂಕ ಮತ್ತು ಸಮಯ, ವಿಳಾಸವಲ್ಲ.

ನಮ್ಮ ಝೆರಾಕ್ಸ್ ಅಂಗಡಿಗಳ (ಯಂತ್ರ ಯಾವ ಕಂಪನಿಯದಾದರೂ ನಮಗದು ಝೆರಾಕ್ಸೇ) ಕಪ್ಪು-ಬಿಳುಪು ಲೇಸರ್ ಯಂತ್ರದಲ್ಲಂತೂ ಹಳದಿ ಟೋನರೇ (ಪುಡಿ ರೂಪದ ಶಾಯಿ) ಇರುವುದಿಲ್ಲ. ಅಲ್ಲಿ ಹಾಳೆ ಯಾವ ಯಂತ್ರದ್ದೆಂದು ಪತ್ತೆಹಚ್ಚುವ ಪರೀಕ್ಷಕರು ಹುಡುಕುವುದು ದೋಷಗಳನ್ನು: ಡ್ರಮ್ (ಹಾಳೆಗೆ ಅಕ್ಷರ ಮೂಡಿಸುವ, ಸುತ್ತುವ ಉರುಳೆ) ಮೇಲೆ ಗೀರು ಬಿದ್ದಿದ್ದರೆ ಅದರ ಪ್ರತಿ ಸುತ್ತಿಗೂ ಅದೇ ಕಲೆ ಸಮಾನ ಅಂತರದಲ್ಲಿ ಮರುಕಳಿಸುತ್ತದೆ, ಆದರೆ ಅನುಮಾನಿತ ಯಂತ್ರದಿಂದಲೇ ಮಾದರಿ ಹಾಳೆ ತೆಗೆದು ಹೋಲಿಸಿದಾಗಲೇ ಆ ಕಲೆಗೆ ಬೆಲೆ. ಡ್ರಮ್ ಬದಲಾದರೆ ಆ ಗುರುತೂ ಹೋಗುತ್ತದೆ.